ಫಳ್ನೀರಿನ ಖಾಯಂ ಗಿರಾಕಿ: ಒಂದು ಮಹಾಪ್ರಬಂಧದ ಕರಡು

ಪೀಠಿಕೆ

ಕಾಫಿಯ ಬಗ್ಗೆ ಲೋಕದಲ್ಲಿ ಗ್ರಂಥಗಳಿಗೆ ಬರವಿಲ್ಲ. ಬಾಬಾ ಬುಡನ್ ಮೋಕಾ ಬಂದರಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ ಐತಿಹ್ಯವನ್ನು ಪ್ರತಿಯೊಬ್ಬ ಲೇಖಕನೂ ಒಮ್ಮೆ ಹೇಳಿಯೇ ಮುಂದೆ ಹೋಗುತ್ತಾನೆ. ನಾನೂ ಹೇಳಿದ್ದಾಯಿತು. (ಚರಿತ್ರೆಯ ಮೊದಲ ಪಾರ್ಸೆಲ್ ಅದೇ ಎಂಬುದು ನನ್ನ ಸ್ವಂತ ಕಾಣಿಕೆ.) ಆದರೆ ಆ ಬೀಜದ ಕಷಾಯವನ್ನು ದಿನಾ ಒಂದೇ ಮೇಜಿನಲ್ಲಿ, ಒಂದೇ ಹೊತ್ತಿಗೆ, ಒಂದೇ ದೂರು ಹೇಳಿಕೊಂಡು ಕುಡಿಯುವ ಜೀವಿಯ ಬಗ್ಗೆ ವಿದ್ವತ್ ವಲಯ ಬಾಯಿ ಬಿಟ್ಟಿಲ್ಲ. ಈ ಕೊರತೆ ನೀಗಲೆಂದು ಪ್ರಸ್ತುತ ಸಂಶೋಧಕನು ಹನ್ನೊಂದು ವರ್ಷ ಕ್ಷೇತ್ರಕಾರ್ಯ ಮಾಡಿದ್ದಾನೆ. ಕ್ಷೇತ್ರ: ಮಿಲಾಗ್ರಿಸ್ ಇಗರ್ಜಿಯ ಕಡೆಯಿಂದ ಕಂಕನಾಡಿಗೆ ಹೋಗುವ ಫಳ್ನೀರ್ ರಸ್ತೆಯ ಒಂದು ಕಾಫಿ ಅಂಗಡಿ. ಆರು ಮೇಜು, ಒಂದು ಬೆಂಚು, ಒಂದು ಫ್ಯಾನು. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ಹೊಸಬರು ಬಂದು ಮೇಜು ಹಿಡಿಯುತ್ತಾರೆ. ಇದು ಸಂಶೋಧನಾ ನೀತಿಯ ಪ್ರಶ್ನೆ.

ಅನುದಾನ ಸಿಗಲಿಲ್ಲ, ಕೇಳಿಯೂ ಇರಲಿಲ್ಲ. ವೆಚ್ಚವನ್ನು ಬಹುಪಾಲು ಎದುರು ಕೂತವರೇ ಭರಿಸಿದ್ದಾರೆ.

ಒಂದನೇ ಅಧ್ಯಾಯ: ನಿರುಕ್ತ

ಮೊದಲು ಸ್ಥಳನಾಮ. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’. ಪಾಲ್ ಮತ್ತು ನೀರ್ ಸೇರಿ ಪಾಲ್ನೀರ್, ಸವೆದು ಫಳ್ನೀರ್. ಅಂದರೆ ಹಾಲು-ನೀರು. ಕಾಫಿ ಅಂಗಡಿ ಇಲ್ಲಿ ಹುಟ್ಟುವುದು ಶಬ್ದದಲ್ಲೇ ಬರೆದಿತ್ತು, ಪುಡಿ ಬರುವುದು ಮಾತ್ರ ಬಾಕಿ ಇತ್ತು. ಪಕಾರ ಫಕಾರ ಆದದ್ದು ಹೇಗೆ ಎಂದು ಕೇಳುವವರು ಬಿಸಿ ಕಾಫಿಯನ್ನು ಬಾಯಲ್ಲಿಟ್ಟುಕೊಂಡು ‘ಪ’ ಎಂದು ಹೇಳಿ ನೋಡಬೇಕು.

ಈ ವಾದವನ್ನು ಮೇಜಿನ ಮುಂದೆ ಮಂಡಿಸಿದ ದಿನವೇ ಪೂರ್ವಪಕ್ಷ ಎದ್ದಿತು. ಬೆಂಚಿನ ಕೊನೆಯಲ್ಲಿ ಬನ್ಸ್ ತಿನ್ನುತ್ತಿದ್ದ ತುಳು ಮಾತಾಡುವ ಹಿರಿಯರು ತಲೆ ಎತ್ತದೆ ಕೇಳಿದರು: “ತುಳುವಿನಲ್ಲಿ ಹಾಲಿಗೆ ಪೇರ್ ಅಂತ ಅಲ್ವಾ ಮಾರಾಯ್ರೆ? ಪಾಲ್ ಅಂದ್ರೆ ಪಾಲು. ಆಸ್ತಿದು.”

ಸಂಶೋಧಕನಿಗೆ ಎರಡು ದಿನ ನಿದ್ದೆ ಬರಲಿಲ್ಲ. (ಕಾಫಿಯೂ ಕಾರಣ ಇರಬಹುದು.) ಮೂರನೇ ದಿನ ಸತ್ಯ ಹೊಳೆಯಿತು: ಪಾಲು ಮಾಡಿಕೊಂಡ ನೀರು, ಅಂದರೆ ಬೈಟು! ಬೆಂಗಳೂರಿನವರು ತಮ್ಮದೆಂದು ಬೀಗುವ ಬೈಟು ಕಾಫಿಯ ಮೂಲ ನಮ್ಮ ಬೀದಿಯ ಹೆಸರಿನಲ್ಲೇ ಅಡಗಿ ಕೂತಿದೆ. ಭಾಷಾವಿಜ್ಞಾನಿಗಳು ಈ ಎರಡು ವ್ಯುತ್ಪತ್ತಿಗಳಲ್ಲಿ ಯಾವುದನ್ನೂ ಒಪ್ಪುವುದಿಲ್ಲ. ಅವರು ಒಬ್ಬೊಬ್ಬರೇ ಕೂತು ಕಾಫಿ ಕುಡಿಯುವವರು.

ಎರಡನೇ ಅಧ್ಯಾಯ: ತತ್ತ್ವ

ಖಾಯಂ ಗಿರಾಕಿ ಎಂದರೆ ಯಾರು? ದಿನಾ ಬರುವವನು ಎಂಬ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಇದೆ. ಹಾಲಿನವನೂ ದಿನಾ ಬರುತ್ತಾನೆ, ಬೆಕ್ಕೂ ಬರುತ್ತದೆ. ದಿನಾ ದುಡ್ಡು ಕೊಡುವವನು ಎಂದರೆ ಅವ್ಯಾಪ್ತಿ. ನಮ್ಮಲ್ಲಿ ಅರ್ಧ ಜನ ಹೊರಗುಳಿಯುತ್ತಾರೆ. ಆದ್ದರಿಂದ ಸಿದ್ಧಾಂತ ಇದು: ತನಗೇನು ಬೇಕೆಂದು ಹೇಳಬೇಕಾಗಿಲ್ಲದವನೇ ಖಾಯಂ ಗಿರಾಕಿ.

ಉಡುಪಿಯ ಪಕ್ಕದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಪಂಚಭೇದಗಳನ್ನು ಪ್ರತಿಪಾದಿಸಿದರು: ಜೀವ ಮತ್ತು ಈಶ್ವರ, ಜಡ ಮತ್ತು ಈಶ್ವರ, ಜೀವ ಮತ್ತು ಜೀವ, ಜೀವ ಮತ್ತು ಜಡ, ಜಡ ಮತ್ತು ಜಡ, ಇವುಗಳ ನಡುವಿನ ಭೇದ ನಿತ್ಯ, ಸತ್ಯ. ಕರಾವಳಿಯ ಕಾಫಿ ಅಂಗಡಿ ಈ ದರ್ಶನದ ಆಚೆ ಹೋದದ್ದಿಲ್ಲ. ಗಲ್ಲಾದಲ್ಲಿ ಕೂತವರು ಬೇರೆ, ಗಿರಾಕಿ ಬೇರೆ. ಎಷ್ಟು ವರ್ಷ ಬಂದರೂ ಗಿರಾಕಿ ಗಲ್ಲಾದಲ್ಲಿ ಐಕ್ಯನಾಗುವುದಿಲ್ಲ. ಗಲ್ಲಾದವರು ಬೇರೆ, ಕಾಫಿ ಬೇರೆ. ಅವರು ಮನೆಯಿಂದ ಕಷಾಯ ತಂದು ಕುಡಿಯುತ್ತಾರೆ. ಗಿರಾಕಿಗೂ ಗಿರಾಕಿಗೂ ಭೇದವಿದೆ ಎಂಬುದು ಬಿಲ್ಲು ಬಂದಾಗ ತಿಳಿಯುತ್ತದೆ. ಗಿರಾಕಿಗೂ ಕಾಫಿಗೂ ಭೇದ, ಇದು ಡಾಕ್ಟರರ ಆಜ್ಞೆ. ಕೊನೆಯದು ಅತಿ ಗಹನ: ಕಾಫಿ ಬೇರೆ, ಚಾ ಬೇರೆ. ಮಳೆಗಾಲದ ಸಂಜೆ ಎರಡರ ಬಣ್ಣವೂ ಒಂದೇ ಆಗುವುದರಿಂದ ಇದನ್ನು ಪ್ರತ್ಯಕ್ಷದಿಂದ ಸಾಧಿಸಲಾಗದು. ಶಬ್ದವೇ ಪ್ರಮಾಣ. ಮಾಣಿ ಹೇಳಿದ್ದನ್ನು ನಂಬಬೇಕು. ಬೈಟು ಕುಡಿಯುವವರು ಒಂದೇ ಕಾಫಿ ಎರಡಾಗಿ ತೋರುತ್ತದೆ ಎನ್ನುವ ಅದ್ವೈತಿಗಳು. ಅವರನ್ನೂ ಬೆಂಚಿನಲ್ಲಿ ಕೂರಿಸುತ್ತೇವೆ.

ತಾರತಮ್ಯವೂ ಇದೆ. ಕೇಳದೆ ನೀರು ಬರುವುದು ಮೊದಲ ಮೆಟ್ಟಿಲು. ನಿನ್ನೆ ಯಾಕೆ ಕಾಣಲಿಲ್ಲ ಎಂದು ಕೇಳಿಸಿಕೊಳ್ಳುವುದು ಎರಡನೆಯದು. ಬಾಕಿಯನ್ನು ತಾನೇ ಪುಸ್ತಕದಲ್ಲಿ ಬರೆಯುವುದು ಮೂರನೆಯದು. ಎಲ್ಲಕ್ಕೂ ಮೇಲೆ, ಫ್ಯಾನಿನ ರೆಗ್ಯುಲೇಟರ್ ಮುಟ್ಟುವ ಅಧಿಕಾರ. ಹನ್ನೊಂದು ವರ್ಷದಲ್ಲಿ ಅದನ್ನು ಪಡೆದವರು ಇಬ್ಬರು. ಅವರಲ್ಲಿ ಒಬ್ಬರಿಗೆ ಗಾಳಿ ಆಗುವುದಿಲ್ಲ, ಇನ್ನೊಬ್ಬರಿಗೆ ಸೆಕೆ ಆಗುವುದಿಲ್ಲ.

ಕಳೆದ ವರ್ಷ ಸಿದ್ಧಾಂತಕ್ಕೆ ಅಗ್ನಿಪರೀಕ್ಷೆ ಬಂತು. ಹಳೆಯ ಮಾಣಿ ಊರಿಗೆ ಹೋಗಿ, ಉತ್ತರದ ಕಡೆಯ ಹೊಸ ಹುಡುಗ ಬಂದ. ನಮ್ಮ ಹಿರಿಯ ಗಿರಾಕಿಯ ಎದುರು ನಿಂತು “ಕ್ಯಾ ಚಾಹಿಯೇ?” ಎಂದ. ಹಿರಿಯರು ತಮಗೇನು ಬೇಕೆಂದು ಕೊನೆಯ ಬಾರಿ ಹೇಳಿದ್ದು ಯಾವ ಸರಕಾರದ ಕಾಲದಲ್ಲೋ. ಅವರ ಕಿವಿಗೆ ಬಿದ್ದದ್ದು ‘ಚಾ’ ಒಂದೇ. “ಚಾ ಅಲ್ಲ, ಕಾಫಿ!” ಎಂದು ಗುಡುಗಿದರು. ಹುಡುಗ ‘ಚಾ’ ಮತ್ತು ‘ಕಾಫಿ’ ಎರಡನ್ನೂ ಕೇಳಿಸಿಕೊಂಡು ಎರಡನ್ನೂ ತಂದಿಟ್ಟ. ಹಿರಿಯರು ಎರಡನ್ನೂ ಕುಡಿದರು. ಯಾವುದು ಯಾವುದೆಂದು ಹೇಳಲು ನಿರಾಕರಿಸಿದರು. ಜಡ-ಜಡ ಭೇದ ಅಂದು ತುಸು ಅಲುಗಾಡಿತು.

ಮೂರನೇ ಅಧ್ಯಾಯ

ಬರೆಯುವ ಹೊತ್ತಿಗೆ ಗೋಳಿಬಜೆ ಬಂತು. ಬಿಡಲಾಗಿದೆ.

ನಾಲ್ಕನೇ ಅಧ್ಯಾಯ: ವಿಲೀನ ಪ್ರಕರಣ

ಫ್ಯಾನಿನ ಕೆಳಗಿನ ಮೇಜು ನಿವೃತ್ತ ಬ್ಯಾಂಕಿನವರದ್ದು. ಇದನ್ನು ಅರಿಯಲು ಸ್ವಲ್ಪ ಹಿನ್ನೆಲೆ ಬೇಕು. ಬೇರೆ ಜಿಲ್ಲೆಗಳಲ್ಲಿ ರಾಜರು, ಕವಿಗಳು ಹುಟ್ಟಿದ ಹಾಗೆ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ನಿಧಿ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಬುನಾದಿ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಒಂದೊಂದು ಬ್ಯಾಂಕಿಗೂ ನಮ್ಮ ಅಂಗಡಿಯಲ್ಲಿ ಒಂದೊಂದು ಕುರ್ಚಿ ಇತ್ತು. ಅಳಿಯನನ್ನು ಬೈದರೂ ಸುಮ್ಮನಿರುತ್ತಿದ್ದರು, ಬ್ಯಾಂಕನ್ನು ಬೈದರೆ ಲೋಟ ಕುಕ್ಕುತ್ತಿದ್ದರು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಆ ಸಂಜೆ ವಿಜಯಾದವರು ಬಂದು ಕೂತರು, ಕಾಫಿ ಬಂತು, ಆರಿತು, ಕೆನೆ ಕಟ್ಟಿತು. ತಾರೀಕು ನೋಡಿ ತಮಾಷೆ ಇರಬೇಕು ಎಂದು ಯಾರೋ ಅಂದರು. ಯಾರೂ ನಗಲಿಲ್ಲ. ಅವತ್ತು ಅವರ ಬಿಲ್ಲನ್ನು ಕಾರ್ಪೊರೇಷನ್‌ನವರು ಕೊಟ್ಟರು. ಎರಡು ಬ್ಯಾಂಕುಗಳ ನಡುವೆ ಇಷ್ಟು ದೊಡ್ಡ ವರ್ಗಾವಣೆ ನಮ್ಮ ಮೇಜಿನಲ್ಲಿ ಮೊದಲು ನಡೆದಿರಲಿಲ್ಲ. ಮರುವರ್ಷ ಅದೇ ತಾರೀಕಿಗೆ ಕಾರ್ಪೊರೇಷನ್ ಹೋಗಿ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಹೋಗಿ ಕೆನರಾಕ್ಕೆ ಸೇರಿದವು. ಆದರೆ 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತ್ತು, ಅಂಗಡಿಯೂ ಹಾಕಿತ್ತು. ಹಾಗಾಗಿ ಈ ಎರಡನೇ ವಿಲೀನಕ್ಕೆ ಮೇಜಿನ ಮಟ್ಟಿಗೆ ಸಾಕ್ಷಿಗಳಿಲ್ಲ. ಕಾರ್ಪೊರೇಷನ್‌ನವರು ಅದು ನಡೆದೇ ಇಲ್ಲ ಎಂಬ ನಿಲುವಿನಲ್ಲಿದ್ದಾರೆ. ಯಾವ ಬ್ಯಾಂಕಿನೊಳಗೂ ಕರಗದ ಕರ್ಣಾಟಕ ಬ್ಯಾಂಕಿನವರು ಮಾತ್ರ ಈಚೆಗೆ ಸಕ್ಕರೆ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದಾರೆ.

ಪಾಲಿನ ಸಿದ್ಧಾಂತಕ್ಕೆ ಇದೇ ಮೇಜಿನಲ್ಲಿ ಇನ್ನೊಂದು ಪುರಾವೆ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟದ್ದು ಇದೇ ಊರಿನಲ್ಲಿ, ಮೋಗ್ಲಿಂಗ್ ಪಾದ್ರಿಗಳ ಕೈಯಿಂದ, ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಬಲ್ಮಠದ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಅಂದು ಇಡೀ ಪತ್ರಿಕೆಯನ್ನು ಒಬ್ಬ ಓದುತ್ತಿದ್ದಿರಬಹುದು. ಇಂದು ಅಂಗಡಿಗೆ ಬರುವ ಒಂದೇ ಪತ್ರಿಕೆಗೆ ಪಾಲುಪಟ್ಟಿ ಆಗಿದೆ: ಕ್ರೀಡೆ ಒಬ್ಬರಿಗೆ, ಪೇಟೆ ಧಾರಣೆ ಅಡಿಕೆ ತೋಟದವರಿಗೆ, ಮರಣ ವಾರ್ತೆಯ ಪುಟ ಸರತಿಯಲ್ಲಿ. ಆ ಪುಟವನ್ನು ಹಿರಿಯರು ಮೇಲಿಂದ ಕೆಳಗೆ ಬೆರಳಿಟ್ಟು ಓದುತ್ತಾರೆ. ಯಾರೂ ಇಲ್ಲದಿದ್ದರೆ “ಇವತ್ತು ಎಂತದೂ ಇಲ್ಲ” ಎಂದು ಮಡಚಿಡುತ್ತಾರೆ.

ರಾಜಕೀಯ ಮಾತಾಡಬಾರದೆಂಬ ಬೋರ್ಡು ಗೋಡೆಯಲ್ಲಿದೆ. ಕಾಫಿಮನೆಗಳಲ್ಲಿ ರಾಜದ್ರೋಹದ ಮಾತು ನಡೆಯುತ್ತದೆಂದು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಅವನ್ನೆಲ್ಲ ಮುಚ್ಚಲು ಹೇಳಿ, ಗದ್ದಲ ಎದ್ದ ಮೇಲೆ ಕೆಲವೇ ದಿನಗಳಲ್ಲಿ ಆಜ್ಞೆ ಹಿಂದೆಗೆದುಕೊಂಡ. ನಮ್ಮ ಬೋರ್ಡನ್ನು ಯಾರೂ ಹಿಂದೆಗೆದುಕೊಂಡಿಲ್ಲ. ಅದರ ಮೇಲೆ ಕ್ಯಾಲೆಂಡರ್ ತೂಗುತ್ತಿದೆ.

ಐದನೇ ಅಧ್ಯಾಯ: ದ್ರವ್ಯಗುಣ

ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದೆಂದು ನಿಯಮ. ಎಂದರೆ ಲೋಟದಲ್ಲಿರುವುದು ಎರಡು ಮತಗಳ ಬಹುಮತದ ಸರಕಾರ. ಬೆಳಿಗ್ಗೆ ಸ್ಥಿರವಾಗಿರುತ್ತದೆ. ಸಂಜೆ ಐದರ ನಂತರ ನೀರು ಪಕ್ಷಾಂತರ ಮಾಡುತ್ತದೆ.

ಫ್ಲಾಸ್ಕ್ ಹಿಡಿದು ಬರುವವರದ್ದು ಬೇರೆಯೇ ಪಂಗಡ. ಈ ದಾರಿಯ ಆಚೀಚೆ ಆಸ್ಪತ್ರೆಗಳು ಜಾಸ್ತಿ. ಅವರು ಒಳಗೆ ಕೂರುವುದಿಲ್ಲ, ಮುಚ್ಚಳ ತಿರುಗಿಸುತ್ತಾ ಗಡಿಯಾರ ನೋಡುತ್ತಾರೆ. ಅವರಿಗೆ ಕಾಫಿ ಮೊದಲು, ನಮಗೆ ಆಮೇಲೆ; ಇದಕ್ಕೆ ಬೋರ್ಡಿಲ್ಲ, ತಂಟೆಯೂ ಇಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಗುಳಿಗೆ ಹಂಚಲು ಶುರು ಮಾಡಿದ್ದೇ ಈಗಿನ ದೊಡ್ಡ ಆಸ್ಪತ್ರೆಯ ಮೂಲ. ಹೋಮಿಯೋಪಥಿಯ ಜನಕ ಹಾನೆಮಾನ್ 1803ರಲ್ಲಿ ಕಾಫಿಯ ಕೆಡುಕಿನ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದ. ಫ್ಲಾಸ್ಕಿನವರಿಗೆ ಇದನ್ನು ನಾನು ಹೇಳಿಲ್ಲ.

ಇನ್ನು ಮುಖ್ಯ ಪ್ರಮೇಯ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿಬೀಜ ಆಫ್ರಿಕಾದ ತುದಿ ಸುತ್ತಿ ಯುರೋಪಿಗೆ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲ ತೇವ ಕುಡಿದು ಬೀಜ ಊದಿ, ಹಸಿರು ಬಿಟ್ಟು ಮಾಸಲು ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಓಡಿ, ಬೀಜ ಬೇಗ ಮುಟ್ಟತೊಡಗಿದಾಗ ‘ಮೊದಲಿನ ರುಚಿ ಇಲ್ಲ’ ಎಂದು ಗೊಣಗಿದರು. (ಖಾಯಂ ಗಿರಾಕಿಯ ಈ ವಾಕ್ಯ ಜಾಗತಿಕ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.) ಅದಕ್ಕೆ ಕರಾವಳಿಯವರು ಉಪಾಯ ಮಾಡಿದರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬದಿ ತೆರೆದ ಗೋದಾಮುಗಳಲ್ಲಿ ಬೀಜ ಹರಡಿ, ಮಳೆಗಾಳಿ ಆಡಲು ಬಿಟ್ಟು, ಆಗಾಗ ಕೆದರಿ, ಗೋಣಿಗೆ ಸಡಿಲವಾಗಿ ತುಂಬಿ, ಮತ್ತೆ ಸುರಿದು ಮತ್ತೆ ತುಂಬಿ, ಹಡಗು ಹತ್ತಿಸದೆಯೇ ಆ ರುಚಿ ಬರಿಸಿದರು. ಮಾನ್ಸೂನ್ಡ್ ಮಲಬಾರ್ ಎಂದು ಅದಕ್ಕೆ ಹೆಸರು, ಈಗ ಭೌಗೋಳಿಕ ಸೂಚಕವೂ ಇದೆ. ಮಂಗಳೂರಿನ ಗೋದಾಮುಗಳಲ್ಲಿ ಇಂದಿಗೂ ಈ ಕೆಲಸ ನಡೆಯುತ್ತದೆ.

ಖಾಯಂ ಗಿರಾಕಿ ತಯಾರಾಗುವುದೂ ಹೀಗೆಯೇ. ಬದಿ ತೆರೆದ ಅಂಗಡಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿದ ಮಳೆ, ಎರಚಲಿಗೆ ಮೈಯೊಡ್ಡಿ ಕೂತ ಜೀವ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಊದುತ್ತದೆ, ಬಣ್ಣ ಬಿಡುತ್ತದೆ, ಹುಳಿ ಇಳಿಯುತ್ತದೆ. ಹುಳಿ ಪೂರ್ತಿ ಇಳಿಯದವರೂ ಉಂಟು. ಅವರನ್ನು ಆಗಾಗ ಕೆದರಬೇಕು.

ಆರನೇ ಅಧ್ಯಾಯ: ಉತ್ಖನನ

ಫ್ಯಾನಿನ ಕೆಳಗಿನ ಮೇಜಿನ ಒಂದು ಕಾಲು ಗಿಡ್ಡ. ಅದರಡಿ ಏನನ್ನೋ ಮಡಚಿ ಕೊಟ್ಟಿದ್ದಾರೆ. ವಿಜ್ಞಾನದ ಹಿತಕ್ಕಾಗಿ ಕಳೆದ ಆಷಾಢದ ಒಂದು ಮಧ್ಯಾಹ್ನ, ಮೂವರು ಬ್ಯಾಂಕಿನವರು ಮೇಜು ಎತ್ತಿ ಹಿಡಿದಿರಲು, ನಾನು ಅದನ್ನು ಹೊರತೆಗೆದೆ. ಮೇಲಿನ ಸ್ತರ ಬಿಸ್ಕತ್ತು ಪೆಟ್ಟಿಗೆಯ ರಟ್ಟು. ಚಾ ಕಲೆ, ಅಥವಾ ಕಾಫಿ ಕಲೆ. ಅದರಡಿ ಪತ್ರಿಕೆಯ ಒಂದು ಹಾಳೆ, ಮರಣ ವಾರ್ತೆಯ ಪುಟವೇ. ಅದರಡಿ ಮದುವೆಯ ಕರೆಯೋಲೆ, ಬಂಗಾರದ ಅಕ್ಷರ ಅರ್ಧ ಎದ್ದಿತ್ತು. ಎಲ್ಲಕ್ಕಿಂತ ಕೆಳಗೆ, ನೆಲದ ತೇವಕ್ಕೆ ಸೆಗಣಿ ಬಣ್ಣ ತಿರುಗಿದ ಒಂದು ಚೀಟಿ: ಕಾರ್ಪೊರೇಷನ್ ಬ್ಯಾಂಕಿನಲ್ಲಿ ಹಣ ಕಟ್ಟಿದ ಕೌಂಟರ್‌ಫಾಯಿಲ್, ಸೀಲಿನ ಅರ್ಧಚಂದ್ರ ಇನ್ನೂ ನೇರಳೆ.

ಮೇಜು ಎತ್ತಿ ಹಿಡಿದಿದ್ದ ಕಾರ್ಪೊರೇಷನ್‌ನವರು ತಮ್ಮ ಪಾಲಿನ ಮೂಲೆಯನ್ನು ಅಲ್ಲೇ ಬಿಟ್ಟು ಕೈ ಚಾಚಿದರು. ಉಳಿದಿಬ್ಬರ ಕಾಲಿಗೆ ಸ್ವಲ್ಪ ಪೆಟ್ಟಾಯಿತು. ಅವರು ಚೀಟಿಯನ್ನು ಬೆಳಕಿಗೆ ಹಿಡಿದು, ಮೂಲೆಯ ಸಹಿ ನೋಡಿ, ತಮ್ಮದಲ್ಲ ಎಂದರು. ಆದರೂ ಒರೆಸಿ ಕಿಸೆಗೆ ಹಾಕಿಕೊಂಡರು. ಮಾದರಿಯನ್ನು ಹಿಂದಿರುಗಿಸಲು ಮೂರು ಬಾರಿ ಕೇಳಿದ್ದೇನೆ.

ಅಂದಿನಿಂದ ಮೇಜು ಅಲುಗಾಡುತ್ತಿತ್ತು, ಕಾಫಿ ಚೆಲ್ಲುತ್ತಿತ್ತು, ನನ್ನ ಬಾಕಿ ಪುಸ್ತಕದಲ್ಲಿ ಚೆಲ್ಲಿದ್ದನ್ನೂ ಬರೆಯತೊಡಗಿದರು. ನಿನ್ನೆ ಈ ಪ್ರಬಂಧದ ಕೈಬರಹದ ಪ್ರತಿಯನ್ನು ಗಲ್ಲಾದವರಿಗೆ ಓದಲು ಕೊಟ್ಟೆ. ಅವರು ಮೊದಲ ಪುಟ ನೋಡಿದರು, ಕೊನೆಯ ಪುಟ ನೋಡಿದರು, ಹೆಬ್ಬೆರಳಿನಿಂದ ದಪ್ಪ ನೋಡಿದರು. ಎಂಟು ಮಡಿಕೆಗೆ ಸರಿಯಾಗಿ ಕೂತಿದೆ. ಮೇಜು ಈಗ ಅಲುಗಾಡುವುದಿಲ್ಲ.