‘ಎಲ್ಲಿದ್ದೀಯಪ್ಪ’ನಿಗೊಂದು ಬಹಿರಂಗ ಪತ್ರ

‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಪ್ರಶ್ನೆಯೇ,

ಇತ್ತ ಮದ್ದೂರಿನಲ್ಲಿ ನಾವೆಲ್ಲ ಕ್ಷೇಮ. ನೀನು?

2016ರಲ್ಲಿ, ‘ಜಾಗ್ವಾರ್’ ಸಿನಿಮಾದ ಸಮಾರಂಭದಲ್ಲಿ ಕುಮಾರಸ್ವಾಮಿಯವರು ವೇದಿಕೆ ಮೇಲಿಂದ ಮಗನನ್ನು ಕೂಗಿದಾಗ ಹುಟ್ಟಿದವನು ನೀನು. 2019ರ ಲೋಕಸಭೆ ಚುನಾವಣೆಗೆ ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿಯವರ ಮಗನೇ ಮಂಡ್ಯದ ಅಭ್ಯರ್ಥಿ ಆದಾಗ ತಗೊ, ಮನೆಮನೆಗೂ ಬಂದೆ. ಮದುವೆ ಮಂಟಪದಲ್ಲಿ ಕೂಗಿದರು, ಬಸ್ಸಿನಲ್ಲಿ ಕೂಗಿದರು. ಪಕ್ಕದ ಮನೆ ಅಜ್ಜಿ ತಪ್ಪಿಸಿಕೊಂಡ ಮೇಕೆಯನ್ನೂ ಹಂಗೇ ಕೂಗಿದಳು. ಮೇಕೆ ಬಂತು ಅನ್ನು.

ನಾನೂ ಹೊಟ್ಟೆ ಹಿಡಿದು ನಕ್ಕವನೇ. ತಾತ, ಅಪ್ಪ, ಮೊಮ್ಮಗನ ರಾಜಕೀಯಕ್ಕೆ ಮಂಡ್ಯ ಬಾರುಕೋಲಲ್ಲಿ ಬಾರಿಸಿತು ಅಂದುಕೊಂಡೆ. ನಿಖಿಲ್ ಎದುರು ನಿಂತ ಸುಮಲತಾ ಅವರು 1,25,876 ಮತಗಳ ಅಂತರದಿಂದ ಗೆದ್ದರಲ್ಲ! (ಮತಯಂತ್ರದಲ್ಲಿ ಇನ್ನೂ ಮೂವರು ಸುಮಲತಾ ಇದ್ದರು; ವಿಡಂಬನೆ ಬರೆಯುವವರಿಗೆ ಅಂದು ಕೂಲಿಯೇ ಹುಟ್ಟಲಿಲ್ಲ.) ಗುಲಾಲು ತೊಳೆದುಕೊಂಡ ಮೇಲೆ ಹೊಳೆಯಿತು: ಗೆದ್ದವರು ಇದೇ ಕ್ಷೇತ್ರದಲ್ಲಿ ಮೂರು ಸಲ ಸಂಸದರಾಗಿದ್ದ ಅಂಬರೀಶ್ ಅವರ ಪತ್ನಿ. ಒಂದು ಮನೆತನದ ಮುಂದೆ ನಿಂತು ನಕ್ಕು, ಇನ್ನೊಂದು ಮನೆತನಕ್ಕೆ ಓಟು ಒತ್ತಿ ಬಂದಿದ್ದೆವು.

ಆಮೇಲಿನದು ಇನ್ನೂ ಸೊಗಸು. 2024ರಲ್ಲಿ ಸುಮಲತಾ ಅವರು ಜಾಗ ಬಿಟ್ಟುಕೊಟ್ಟು ಬಿಜೆಪಿ ಸೇರಿದರು. ಕೂಗಿಸಿಕೊಂಡ ಮಗ ಸೋತಿದ್ದ ಕ್ಷೇತ್ರದಲ್ಲಿ ಕೂಗಿದ ಅಪ್ಪನೇ ನಿಂತು 2,84,620 ಮತಗಳ ಅಂತರದಿಂದ ಗೆದ್ದು ಕೇಂದ್ರ ಮಂತ್ರಿಯಾದರು. ನಿನ್ನನ್ನು ಹೆತ್ತ ಬಾಯಿಗೆ ನಾವೇ ಸಕ್ಕರೆ ಹಾಕಿದೆವು ಕಣಪ್ಪ. ಮಂಡ್ಯದವರು, ಸಕ್ಕರೆಗೇನು ಬರ?

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಮಗ ಎಲ್ಲಿದ್ದಾನೆ ಅಂತ ಊರೆಲ್ಲ ಕೇಳಿಕೊಂಡು ಬಂದವನು, ಮಗನೇ ಯಾಕೆ ಅಂತ ಒಂದೇ ಒಂದು ಸಲ ಕೇಳಿದ್ದರೆ! ಆದರೆ ಅದಕ್ಕೆ ಯಾರು ನಗುತ್ತಿದ್ದರು, ಬುಡು. ಪಾಪ, ಆ ಹುಡುಗ ಆಮೇಲೆ ರಾಮನಗರದಲ್ಲೂ ಸೋತರು, ಚನ್ನಪಟ್ಟಣದಲ್ಲೂ ಸೋತರು. ಇಷ್ಟು ಸೋತರೂ ಅವರ ಹೆಸರು ಹಾಲು ಕುಡಿಯೋ ಕೂಸಿಗೂ ಗೊತ್ತು. ಅಂಥ ಪ್ರಚಾರ ನೀನು ಬಿಟ್ಟಿ ಮಾಡಿಕೊಟ್ಟೆ.

ಈಗ ಬಿಡುವಾಗಿದ್ದರೆ ಮಳವಳ್ಳಿ ಕಡೆ ಒಂದು ಸಲ ಹೋಗಿ ಬಾ. ವಿ.ಸಿ. ನಾಲೆಯ ಕೊನೆಭಾಗದಲ್ಲಿ ಗುದ್ದಲಿ ಹಿಡಿದು ನಿಂತವರು ನಿನ್ನ ಹಳೇ ಪರಿಚಯದವರೇ. ಹೆಸರೊಂದು ಬದಲಾಗಿದೆ ಅಷ್ಟೆ, ನೀರನ್ನು ಕೂಗುತ್ತಿದ್ದಾರೆ. ದಾರಿಯಲ್ಲಿ ಮದ್ದೂರಲ್ಲಿ ಇಳಿ, ವಡೆ ಕೊಡಿಸುತ್ತೇನೆ.

ಇತಿ,
ಅಂದು ಜೋರಾಗಿ ನಕ್ಕವರಲ್ಲೊಬ್ಬ