ದ್ರಾಕ್ಷಾಸವ ಮೀಮಾಂಸಾ ಪ್ರವೇಶಿಕೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ಕ್ಯಾಲಿಫೋರ್ನಿಯದ ನಾಪಾ ಕಣಿವೆಯ ಒಂದು ವೈನರಿಯಲ್ಲಿ ಪೀಪಾಯಿ ತೊಳೆಯುವುದರಿಂದ ತೊಡಗಿ ಅತಿಥಿಗಳಿಗೆ ವೈನು ಸುರಿದುಕೊಡುವ ಪದವಿಯವರೆಗೆ ಏರಿದ, ಶಿಡ್ಲಘಟ್ಟ ತಾಲ್ಲೂಕು ಸಾದಲಿ ಹೋಬಳಿಯ ಈ ಲೇಖಕನೂ ಅದನ್ನು ಮೀರಲಾರನು. ಅಧಿಕಾರಿಯೆಂದರೆ ಗಾಜಿನ ಲೋಟವನ್ನು ಅದರ ಕಾಲು ಹಿಡಿದು ಎತ್ತಬಲ್ಲವನು. ವಿಷಯವು ಹುಳಿತ ಹಣ್ಣಿನ ರಸ. ಸಂಬಂಧವು ಕ್ರೆಡಿಟ್ ಕಾರ್ಡಿನ ಮೂಲಕ ಏರ್ಪಡತಕ್ಕದ್ದು. ಪ್ರಯೋಜನವನ್ನು ಗ್ರಂಥಾಂತ್ಯದಲ್ಲಿ ಹೇಳಲಾಗುವುದು.

ಕ್ರಿಯಾಪಾದವು ಐದು ಅಂಗಗಳುಳ್ಳದ್ದು: ವರ್ಣಾವಲೋಕನ, ಪರಿಭ್ರಮಣ, ಆಘ್ರಾಣ, ಕವಲ, ನಿಷ್ಠೀವನ. ಬಾಯ್ತುಂಬ ದ್ರವವನ್ನು ಅಲುಗದಂತೆ ಹಿಡಿದರೆ ಗಂಡೂಷ, ಆಡಿಸಲು ಎಡೆಯಿರುವಷ್ಟೇ ಹಿಡಿದು ಮುಕ್ಕಳಿಸಿದರೆ ಕವಲ ಎಂದು ಆಯುರ್ವೇದವು ವಿಂಗಡಿಸಿರುವುದರಿಂದ, ನಾಪಾದ ಪಂಡಿತರು ಆಚರಿಸುವುದು ಕವಲವೇ ಸರಿ. ಉಗುಳಬೇಕೆಂಬುದೂ ಎರಡೆಡೆಯ ವಿಧಿಯೇ. ಅಲ್ಲಿ ಉಗುಳುವುದು ಎಳ್ಳೆಣ್ಣೆಯನ್ನು, ಇಲ್ಲಿ ಒಂದು ಮೂಟೆ ಅಕ್ಕಿಯ ಬೆಲೆಯನ್ನು. ಆಸ್ವಾದಕರು ಉತ್ತಮ, ಮಧ್ಯಮ, ಅಧಮರೆಂದು ಮೂರು ಬಗೆ, ನಾಸಿಕಾಭೇದದಿಂದ ಒಬ್ಬೊಬ್ಬರೂ ಮತ್ತೆ ಮೂರು ಬಗೆಯಾಗಿ ಒಂಬತ್ತು, ವೇತನಭೇದದಿಂದ ಇಪ್ಪತ್ತೇಳು. ಈ ಇಪ್ಪತ್ತೇಳು ಬಗೆಯವರೂ ಆಡುವ ಮಾತು ಒಂದೇ ಆಗಿರುವುದರಿಂದ ವಿಭಾಗವನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ.

ಪ್ರಮಾಣವೆಂದರೆ ಗಂಧಚಕ್ರ. ಡೇವಿಸ್ ವಿಶ್ವವಿದ್ಯಾನಿಲಯದ ಆನ್ ನೋಬಲ್ 1984ರಲ್ಲಿ ರಚಿಸಿದ ಈ ಚಕ್ರದ ಅರೆಗಳಲ್ಲಿ ಸ್ಟ್ರಾಬೆರಿ, ಲವಂಗಗಳ ಜೊತೆಗೆ ಒದ್ದೆನಾಯಿ, ಕುದುರೆ, ಡೀಸೆಲ್, ಡಾಂಬರುಗಳೂ ವಿರಾಜಿಸುತ್ತವೆ. ಇವುಗಳಲ್ಲಿ ಬಹುಪಾಲನ್ನು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಪುಕ್ಕಟೆಯಾಗಿ ಆಘ್ರಾಣಿಸಬಹುದು. ನನ್ನನ್ನು ಕಾಣಬಂದ ಸ್ನೇಹಿತರಿಬ್ಬರಲ್ಲಿ ಒಬ್ಬನು ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರ ಮನೆಯವನು. ದುಬಾರಿ ಕೆಬರ್ನೆ ಸುವಿನ್ಯೋಂ ಒಂದನ್ನು ಮೂಸಿ, “ಅಲ್ಲ ಕಣಯ್ಯಾ, ಗೂಡು ಬೇಯ್ಸಿದ್ ನೀರು ನಾರ್ದಂಗೆ ನಾರ್ತೈತಲ್ಲ ಇದು!” ಎಂದನು. ಪಕ್ಕದ ಮೇಜಿನವರು ಕುದುರೆಯ ಜೀನನ್ನು ಕಂಡುಕೊಂಡು ಪುಲಕಿತರಾಗುತ್ತಿದ್ದರು. ರೇಷ್ಮೆಗೂಡು ಚಕ್ರದಲ್ಲಿ ಇಲ್ಲದ ಕಾರಣ ಇವನ ಅನುಭವವು ಅಪ್ರಮಾಣವೆಂದು ತೀರ್ಮಾನವಾಯಿತು.

ಪೂರ್ವಪಕ್ಷಿಗಳು ಇಲ್ಲದಿಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೋರ್ಡೋದ ಐವತ್ತನಾಲ್ವರು ವೈನುಶಾಸ್ತ್ರದ ವಿದ್ಯಾರ್ಥಿಗಳು ವಾಸನೆಯಿಲ್ಲದ ಬಣ್ಣದಿಂದ ಕೆಂಪಾಗಿಸಿದ ಬಿಳಿ ವೈನಿಗೆ ಕೆಂಪು ವೈನಿನ ಗುಣಗಳನ್ನೇ ಆರೋಪಿಸಿದರು. ಕ್ಯಾಲಿಫೋರ್ನಿಯ ರಾಜ್ಯಮೇಳದ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಗುಟ್ಟಾಗಿ ಮೂರು ಬಾರಿ ಕೊಟ್ಟು ಪರೀಕ್ಷಿಸಿದ ರಾಬರ್ಟ್ ಹಾಡ್ಜ್‌ಸನ್, ತಮ್ಮ ಮಾತಿಗೆ ತಾವೇ ನಿಂತವರು ಹತ್ತರಲ್ಲೊಬ್ಬರಷ್ಟೇ ಎಂದು 2008ರಲ್ಲಿ ಬರೆದನು. ಸಿದ್ಧಾಂತಿಗಳು ಇದಕ್ಕೆ ಉತ್ತರ ಕೊಡುವುದಿಲ್ಲ, ಅಂಕ ಕೊಡುತ್ತಾರೆ. ರಾಬರ್ಟ್ ಪಾರ್ಕರ್ ಪ್ರಚುರಪಡಿಸಿದ ನೂರಂಕದ ಪದ್ಧತಿಯಲ್ಲಿ ಎಣಿಕೆಯು ಐವತ್ತರಿಂದಲೇ ಮೊದಲು. ಅಂದರೆ ಬಾಟಲಿಯೊಳಗೆ ಇರುವ ಪುಣ್ಯವೊಂದಕ್ಕೇ ಐವತ್ತು.

ಇನ್ನು ಜಾತಿನಿರ್ಣಯ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯು ಪಶ್ಚಿಮದಲ್ಲಿ ಇಸಬೆಲ್ಲಾ ಎನಿಸಿಕೊಂಡ, ಅಮೆರಿಕದ ಕಾಡುಬಳ್ಳಿಯ ರಕ್ತವುಳ್ಳ ತಳಿ. ಅದರ ಘಮಕ್ಕೆ ಪಂಡಿತರು ಕೊಟ್ಟ ಹೆಸರು ನರಿಯ ಗಂಧ. ಯಾವ ಪಂಡಿತನು ಯಾವ ನರಿಯನ್ನು ಮೂಸಿದನೋ ಗ್ರಂಥಗಳು ಹೇಳವು. ಫ್ರಾನ್ಸಿನ 1934ರ ಕಾನೂನು ನಿಷೇಧಿಸಿದ ಆರು ತಳಿಗಳಲ್ಲಿ ಇದೂ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಹೇನು ಫ್ರಾನ್ಸಿನ ತೋಟಗಳನ್ನೆಲ್ಲ ತಿಂದುಹಾಕಿದಾಗ ಆ ಬಳ್ಳಿಗಳನ್ನು ಉಳಿಸಿದ್ದು ಅಮೆರಿಕದ ಕಾಡುಬಳ್ಳಿಗಳ ಬೇರಿಗೆ ಕಟ್ಟಿದ ಕಸಿ. ಆ ಕಡೆಯ ಬೇರು ಆಗಬಹುದು, ಹಣ್ಣು ಪಂಕ್ತಿಗೆ ಸಲ್ಲದು. ಇಂಥ ಮಡಿಯ ಪರಿಚಯವನ್ನು ಸಾದಲಿಯವರಿಗೆ ಯಾರೂ ಮಾಡಿಕೊಡಬೇಕಾಗಿಲ್ಲ.

ಇನ್ನೊಬ್ಬ ಮಿತ್ರರು ಬೆಂಗಳೂರಿನ ಹೆಬ್ಬಾಳದಲ್ಲಿ ಮನೆಮಾಡಿರುವವರು, ಈ ಶಾಸ್ತ್ರದಲ್ಲಿ ಸರ್ಟಿಫಿಕೇಟು ಪಡೆದವರು. ಅವರು ಸ್ಥಳಗುಣವನ್ನು, ಅಂದರೆ ಅವರ ‘ಟೆರ್ವಾರ್’ ತತ್ತ್ವವನ್ನು, ವಿವರಿಸುತ್ತ, ಬಳ್ಳಿಯು ನೀರಿಲ್ಲದೆ ನರಳಿದಷ್ಟೂ ರಸವು ಉತ್ಕೃಷ್ಟವಾಗುವುದೆಂದೂ, ತಮ್ಮ ನಾಲಗೆಯ ಮೇಲೆ ಈಗ ಖನಿಜಸ್ವಾದವು ಸುಳಿಯುತ್ತಿದೆಯೆಂದೂ ಅಪ್ಪಣೆ ಕೊಡಿಸಿದರು. ನರಳುವುದೇ ಯೋಗ್ಯತೆಯಾದರೆ, ಜೀವನದಿಯೊಂದೂ ಇಲ್ಲದ, ಸಾವಿರ ಅಡಿ ದಾಟಿದರೂ ಬೋರ್‌ವೆಲ್ಲು ಧೂಳು ಕಾರುವ ನಮ್ಮ ಸೀಮೆಗೆ ನೂರಕ್ಕೆ ನೂರು ಕೊಡಿ ಸ್ವಾಮೀ! ಬಳ್ಳಿಯ ನರಳಿಕೆಗೆ ಬೆಲೆ ಕಟ್ಟಿದ್ದೀರಿ, ಚಪ್ಪರ ಹಾಕಿ ಸಾಲ ಹೊತ್ತವನ ನರಳಿಕೆಗೆ ಯಾವ ಅಂಕ? ಖನಿಜಸ್ವಾದ ಬೇಕೆಂದಿರಾ? ಫ್ಲೋರೈಡಿನ ನೀರು ಕುಡಿದು ಬೆಳೆದ ಮಕ್ಕಳ ಕಂದು ಹಲ್ಲುಗಳಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಹಣ್ಣು ಬಳ್ಳಿಯಲ್ಲೇ ಕೊಳೆಯಿತು. ಆಗ ಹೊರಟ ವಾಸನೆಗೆ ಚಕ್ರದಲ್ಲಿ ಅರೆಯಿದ್ದರೆ ತೋರಿಸಿ.

ಪ್ರಯೋಜನಪಾದವನ್ನು ಬರೆಯಲು ಮನಸ್ಸು ಒಗ್ಗದು. ಸ್ಥಳಗುಣಕ್ಕೆ ಸೇರಿದ ಒಂದು ಪರಿಶಿಷ್ಟವನ್ನು ಮಾತ್ರ ಮಿತ್ರರ ಮುಂದೆ ನಿವೇದಿಸಿಕೊಂಡೆನು. ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಏರಿಸುತ್ತಾರೆ; ಮೂರನೆಯ ಹಂತವನ್ನು ರೈತರು ಕೇಳುತ್ತಲೇ ಇದ್ದಾರೆ. ಆ ನೀರು ಕೆರೆಯಿಂದ ಇಂಗಿ, ಬೋರ್‌ವೆಲ್ಲಿಗಿಳಿದು, ಬಳ್ಳಿಗೇರಿ ಹಣ್ಣಾಗುವುದರಿಂದ, ಚಿಕ್ಕಬಳ್ಳಾಪುರದ ದ್ರಾಕ್ಷಿಯ ಸ್ಥಳಗುಣದಲ್ಲಿ ತಮ್ಮ ಬಚ್ಚಲಿನ ಸೋಪಿಗೂ ಪಾಲುಂಟು ಎಂದು ವಿನಯದಿಂದ ಅರುಹಿದೆನು. ಕವಲದ ಮಧ್ಯದಲ್ಲಿದ್ದ ಅವರು ನಿಷ್ಠೀವನವನ್ನು ಮರೆತು ನುಂಗಿಬಿಟ್ಟರು.