ಮೊಣಕಾಲಿನ ಏತ ನೀರಾವರಿ

ನಮ್ಮ ಸಲಗರೆಯ ಲಗ್ನವೊಂದರ ಪಂಕ್ತಿಯಲ್ಲಿ ನಾನು ನಾಲ್ಕು ಹೋಳಿಗೆಗಳನ್ನು ತಿಂದುದಕ್ಕೆ ಕಾರಣವು ಜಿಹ್ವಾಚಾಪಲ್ಯವಲ್ಲ, ಮೊಣಕಾಲು ಎಂಬುದನ್ನು ಊರವರು ಇಂದಿಗೂ ನಂಬಲೊಲ್ಲರು. ಎರಡನೆಯ ಹೋಳಿಗೆಯನ್ನು ಮುಗಿಸಿ ಕೈ ತೊಳೆಯಲೆಂದು ಚಕ್ಕಳಮಕ್ಕಳವನ್ನು ಬಿಚ್ಚಹೋದೆನು. ಎಡಗಾಲು ಬಂದಿತು, ಬಲಗಾಲು ಬರಲಿಲ್ಲ. ಪಂಕ್ತಿಯೆಲ್ಲ ಎದ್ದರೂ ಎಲೆಯ ಮುಂದೆ ಧ್ಯಾನಸ್ಥನಾಗಿ ಕುಳಿತ ನನ್ನನ್ನು ಕಂಡ ಬಡಿಸುವ ತರುಣನು, ಹಿರಿಯರು ಬಾಯಿಬಿಟ್ಟು ಕೇಳಲು ಸಂಕೋಚಪಡುತ್ತಿರುವರೆಂದು ಬಗೆದು ಮೂರನೆಯದನ್ನು ಹಾಕಿದನು. ಅದನ್ನು ತಿಂದು ಮುಗಿಸುವಷ್ಟರಲ್ಲಿ ಕೀಲು ಸಡಿಲಾದೀತೆಂಬ ಆಸೆಯಿಂದ ತಿಂದೆನು, ಸಡಿಲಾಗಲಿಲ್ಲ. ನಾಲ್ಕನೆಯದು ಬಂದಿತು, ತುಪ್ಪಸಹಿತವಾಗಿ. ಕಡೆಗೆ ಇಬ್ಬರು ತೋಳು ಹಿಡಿದೆತ್ತಿದಾಗ, "ಯಜಮಾನ್ರಿಗೆ ಉಂಡದ್ದು ಭಾರ ಆಗೇತಿ" ಎಂಬ ಮಾತು ಹಿಂದಿನಿಂದ ಕೇಳಿಸಿತು.

ಇದರಿಂದ ನನಗಾದ ಮಾನಭಂಗವನ್ನು ಅರಿಯಬೇಕಾದರೆ ನನ್ನ ಪೂರ್ವೇತಿಹಾಸವನ್ನು ಅರಿಯಬೇಕು. ಸೂರ್ಯನಮಸ್ಕಾರವನ್ನು ಪ್ರಜೆಗಳ ನಿತ್ಯಕರ್ಮವನ್ನಾಗಿಸಲು ಹೆಣಗಿ, ಶಾಲೆಯ ಮಕ್ಕಳಿಂದಲೂ ಮಾಡಿಸಿ, ತಾವೂ ತಪ್ಪದೆ ಮಾಡಿದ ಔಂಧದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರ ಸಂಸ್ಥಾನಕ್ಕೆ ಈಗಿನ ಸಾಂಗಲಿ ಜಿಲ್ಲೆಯ ಆಟಪಾಡಿಯೂ ಸೇರಿದ್ದಿತು. ಅಲ್ಲಿ ಓದಿ ಬಂದ ನಮ್ಮ ಮಾಸ್ತರರು ಆ ದೀಕ್ಷೆಯನ್ನು ನಮಗೂ ಕೊಟ್ಟರು. ಅಂದಿನಿಂದ ನಿತ್ಯ ಅರುವತ್ತು ನಮಸ್ಕಾರ, ನೂರು ಬಸ್ಕಿ. ಸೂರ್ಯನು ಒಂದು ದಿನ ಮೋಡದ ಮರೆಗೆ ಹೋದಾನು, ನಾನು ತಪ್ಪಿಸಿದವನಲ್ಲ. ಇಂಥವನನ್ನು ಹೋಳಿಗೆಯ ಭಾರಕ್ಕೆ ಏಳಲಾರದವನೆಂದರೆ ಹೇಗಾಗಬೇಡ?

ಕಡೆಗೆ ಕಾಲನ್ನು ತೋರಿಸಲು ಮಿರಜಿಗೆ ಹೋದೆನು. ನಮ್ಮ ಕಡೆ "ಮಿರಜಿಗೆ ಹೋಗಿದ್ದೆ" ಎಂದರೆ "ಏನಾಗಿತ್ತು?" ಎಂದೇ ಕೇಳುವರು. 1894ರಲ್ಲಿ ವಾನ್ಲೆಸ್ ಸಾಹೇಬರು ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಆ ಊರಿಗೆ ರೋಗಿಗಳ ಯಾತ್ರೆ ನಿಂತಿಲ್ಲ. ಸಿತಾರು ಕೊಳ್ಳಲು ಹೋಗುವವರು ಅಲ್ಪಸಂಖ್ಯಾತರು. ನನ್ನ ಮೊಣಕಾಲಿನಿಂದ ಹೊರಡುತ್ತಿದ್ದ ನಾದವನ್ನು ಕೇಳಿದ್ದರೆ ಅಲ್ಲಿಯ ಸಿತಾರಿನ ಕುಶಲಕರ್ಮಿಗಳೂ ಒಂದು ಕ್ಷಣ ಕಿವಿಗೊಡುತ್ತಿದ್ದರೇನೋ! ಕನ್ನಡದಲ್ಲಿ ನೋಯುತ್ತಿದ್ದ ಮಳಕಾಲು ಮರಾಠಿಯಲ್ಲಿ ಗುಡಘಾ ಆಗಿ, ಇಂಗ್ಲಿಷಿನಲ್ಲಿ ಆಸ್ಟಿಯೋಆರ್ಥ್ರೈಟಿಸ್ ಎಂದು ಚೀಟಿಗೇರಿತು. ವೈದ್ಯರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, ಎರಡು ಎಲುಬುಗಳ ನಡುವೆ ಇರಬೇಕಾದ ಅಂತರವು ಕಿರಿದಾಗಿರುವುದನ್ನು ತೋರಿಸಿದರು. ಎರಡೂವರೆ ಅಡಿಯ ಹಳಿಯ ಮೇಲೆ ಕುಂಟುತ್ತಿದ್ದ ನಮ್ಮೂರ ಸಣ್ಣ ಗಾಡಿಯು ಬ್ರಾಡ್‌ಗೇಜಾದ ಕಾಲದಲ್ಲಿ, ನನ್ನ ಮೊಣಕಾಲು ಮಾತ್ರ ಬ್ರಾಡ್‌ಗೇಜಿನಿಂದ ನ್ಯಾರೋಗೇಜಿಗೆ ಹಿಂದಿರುಗಿತ್ತು! "ಇದು ಹೋಗುವ ರೋಗವಲ್ಲ, ಜತೆಗಿರುವ ರೋಗ, ಬಸ್ಕಿ ಬಿಡಿರಿ" ಎಂದರವರು. ನಾನು ಅರ್ಧವನ್ನಷ್ಟೇ ಕೇಳಿಸಿಕೊಂಡು ಬಸ್ಕಿಯೊಡನೆ ಸಕಲ ಚಲನವಲನಗಳನ್ನೂ ಬಿಟ್ಟೆನು.

ಹಾಗೆ ಅಲುಗದೆ ಕಳೆದ ಹದಿನೈದು ದಿನಗಳಲ್ಲಿ ಮಂಚವೇ ಸಭಾಮಂಟಪವಾಯಿತು. ಬಂದವರೆಲ್ಲರೂ ಧನ್ವಂತರಿಗಳೇ. ಸಾಂಗಲಿಯ ಅರಿಶಿನದ ಮಹಿಮೆಯನ್ನು ಬಲ್ಲವರೊಬ್ಬರು ಅದನ್ನು ಎಣ್ಣೆಯಲ್ಲಿ ಕಲಸಿ ಬಳಿಯಲು, ಮೊಣಕಾಲು ಮದುಮಗಳ ಕಳೆಯನ್ನು ಪಡೆಯಿತೇ ಹೊರತು ಮದುಮಗಳ ವಿನಯವನ್ನಲ್ಲ. ಕುಳಿತರೆ ಏಳಲಾಗದೆ, ಎದ್ದರೆ ಕೂಡಲಾಗದೆ ನಾನು ನಡುಮನೆಯಲ್ಲಿ ನಿಂತುಬಿಟ್ಟಿರುವುದನ್ನು ನೋಡಿ ಮನೆಯಾಕೆಯು ಕುಂಭೋಜದ ಬಾಹುಬಲಿಯನ್ನು ನೆನೆದಳು. ಆ ಮಹಾತ್ಮನು ವೈರಾಗ್ಯದಿಂದ ನಿಂತನು, ನಾನು ನಿರುಪಾಯದಿಂದ.

ಮರಳಿ ಮಿರಜಿಗೆ ಹೋದಾಗ, ಮೊಮ್ಮಗಳ ವಯಸ್ಸಿನ ವ್ಯಾಯಾಮ ಚಿಕಿತ್ಸಕಿಯೊಬ್ಬಳು ನನ್ನ ವಿಶ್ರಾಂತಿಯ ವೃತ್ತಾಂತವನ್ನು ಕೇಳಿ ನಕ್ಕು, ಎಲುಬಿನ ತುದಿಗೆ ಹೊದಿಸಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲವೆಂದೂ, ನಡೆದಾಗ ಅದು ಒತ್ತಲ್ಪಟ್ಟು, ಬಿಟ್ಟಾಗ ಕೀಲಿನೊಳಗಣ ದ್ರವವನ್ನು ಹೀರಿ ಪೋಷಣೆ ಪಡೆಯುವುದೆಂದೂ, ಅಲುಗದ ಕೀಲು ಉಪವಾಸವೇ ಎಂದೂ ತಿಳಿಸಿದಳು. ಒಡನೆಯೇ ನನಗೆ ಜ್ಞಾನೋದಯವಾಯಿತು. ಇದು ನಮ್ಮ ಮಿರಜ ಪೂರ್ವಭಾಗದ ಕಥೆಯೇ ಅಲ್ಲವೆ? ನಮಗೂ ಸ್ವಂತ ನದಿಯಿಲ್ಲ. ಕೃಷ್ಣೆ ದೂರದಲ್ಲಿ, ತಗ್ಗಿನಲ್ಲಿ ಹರಿಯುವಳು. ಮ್ಹೈಸಾಳದ ಏತ ನೀರಾವರಿಯ ಪಂಪುಗಳು ಅವಳನ್ನು ಹಂತಹಂತವಾಗಿ ಮೇಲೆತ್ತಿದರೆ ಮಾತ್ರ ನಮ್ಮ ದ್ರಾಕ್ಷಿಯ ಬಳ್ಳಿಗೆ ನೀರು. ಪಂಪು ನಿಂತರೆ ಬಳ್ಳಿ ಒಣಗುವುದು, ಒಮ್ಮೆಗೇ ಬಿಟ್ಟರೆ ಬದು ಒಡೆಯುವುದು. ನಾನು ನಲವತ್ತು ವರುಷ ಬದುವನ್ನೊಡೆದು, ಆಮೇಲೆ ಹದಿನೈದು ದಿನ ಪಂಪನ್ನು ನಿಲ್ಲಿಸಿದ್ದೆನು.

ಅಂದಿನಿಂದ ಹೊಸ ಪಾಳಿ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೀಳವಾಗಿ ಚಾಚಿ, ತೊಡೆಯ ಸ್ನಾಯುವನ್ನು ಬಿಗಿದು ಹತ್ತು ಎಣಿಸುವವರೆಗೆ ಹಿಡಿಯುವುದು. ನೋಡುವವರಿಗೆ ಯಾರೋ ಪಾದುಕೆ ತೊಡಿಸಲಿ ಎಂದು ಕಾಯುತ್ತಿರುವ ಮಾಜಿ ಸಂಸ್ಥಾನಿಕನಂತೆ ಕಾಣುವುದು. ವ್ಯಾಯಾಮದಿಂದ ಹೆಚ್ಚಿದ ನೋವು ಎರಡು ಗಂಟೆ ಮೀರಿಯೂ ಉಳಿದರೆ ಮರುದಿನ ಕಡಿಮೆ ಮಾಡತಕ್ಕದ್ದು. ದೇಹದ ತೂಕ 1 ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋ ಇಳಿಯುವುದಂತೆ. ಇಂಥ ಬಡ್ಡಿಯನ್ನು ಯಾವ ಸಾವಕಾರನು ಕೊಟ್ಟಾನು? ಬಲಗಾಲು ನೋಯುವವನು ಕೋಲನ್ನು ಎಡಗೈಯಲ್ಲಿ ಹಿಡಿಯಬೇಕೆಂಬುದು ಇನ್ನೊಂದು ವಿಧಿ. ಸ್ಟೇಷನ್ನಿನ ದಾರಿಯಲ್ಲಿ ದಿನಕ್ಕೊಬ್ಬರಾದರೂ ನಿಲ್ಲಿಸಿ, "ಕೋಲು ಕೈ ತಪ್ಪೇತ್ರೀ" ಎಂದು ತಿದ್ದುವರು. ಅವರಿಗೆ ಶಾಸ್ತ್ರವನ್ನು ವಿವರಿಸುವಷ್ಟರಲ್ಲಿ ನನ್ನ ಮೊಣಕಾಲಿಗೆ ಬೇಕಾದ ವಿಶ್ರಾಂತಿಯೂ ದೊರೆಯುವುದು.

ನಮಸ್ಕಾರವನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಇಟ್ಟಿಗೆ, ದಿಂಬು, ಕುರ್ಚಿಗಳಿಗೆ ಯೋಗಶಾಲೆಯಲ್ಲಿ ಗೌರವದ ಸ್ಥಾನವನ್ನು ಕೊಟ್ಟಿರುವಾಗ, ಅದೇ ಕನ್ನಡ ಮಾತಿನ ನನಗೇಕೆ ನಾಚಿಕೆ? ಕುರ್ಚಿಯಲ್ಲಿ ಕುಳಿತೇ ಕೈ ಮುಗಿದು, ಮೇಲೆತ್ತಿ, ಮುಂದಕ್ಕೆ ಬಾಗುವೆನು. ಸಂಖ್ಯೆ ಅರುವತ್ತರಿಂದ ಹತ್ತಕ್ಕೆ ಇಳಿದಿದೆ. ಕುಳಿತವನ ವಂದನೆಯನ್ನು ಭಾಸ್ಕರನು ಒಪ್ಪುವನೆ ಎಂದು ಮೊದಮೊದಲು ಅಂಜಿದ್ದೆನು. ಆದರೆ ಆತನೂ ರಥದಲ್ಲಿ ಕುಳಿತೇ ಬರುವನಷ್ಟೆ. ಅವನ ಸಾರಥಿಯಾದ ಅರುಣನಂತೂ ಅನೂರು, ತೊಡೆಗಳೇ ಇಲ್ಲದವನು. ತೊಡೆಯಿಲ್ಲದವನಿಗೆ ಏಳು ಕುದುರೆಗಳ ಲಗಾಮನ್ನು ಕೊಟ್ಟ ದೇವರು ಮೊಣಕಾಲಿಲ್ಲದವನ ಹತ್ತು ನಮಸ್ಕಾರಗಳನ್ನು ತಳ್ಳಿಹಾಕುವನೆ?

ಮೊನ್ನೆ ಮತ್ತೊಂದು ಲಗ್ನ. ಕುರ್ಚಿ ಹಾಕಿಸುವೆವೆಂದರೂ ಒಲ್ಲೆನೆಂದು, ಕಾಲು ಚಾಚಲು ಸ್ಥಳವಿರುವ ಪಂಕ್ತಿಯ ಕೊನೆಗೆ ಮಣೆಯ ಮೇಲೆ ಕುಳಿತೆನು. ಊಟವಾದ ಮೇಲೆ ಮೊದಲ ಹಂತದಲ್ಲಿ ಮಣೆ, ಎರಡನೆಯದರಲ್ಲಿ ಪಕ್ಕದವರ ಹೆಗಲು, ಮೂರನೆಯದರಲ್ಲಿ ಕಿಟಕಿಯ ಸರಳು, ಹಂತಕ್ಕೊಮ್ಮೆ ಪಂಪಿನಂಥ ಒಂದು ನಿಟ್ಟುಸಿರು: ಹೀಗೆ ಕೃಷ್ಣೆಯಂತೆ ಮೇಲೆದ್ದು ನಿಂತೆನು. ಬುಟ್ಟಿ ಹಿಡಿದು ಬರುತ್ತಿದ್ದ ಅದೇ ತರುಣನು, ಎದ್ದು ನಿಂತ ನನ್ನನ್ನು ಕಂಡು ಗೌರವದಿಂದ ಪಕ್ಕಕ್ಕೆ ಸರಿದು ಮುಂದೆ ಹೋದನು. ಆರೋಗ್ಯಕ್ಕೂ ಒಂದು ಬೆಲೆಯುಂಟು: ಮೂರನೆಯ ಹೋಳಿಗೆ ಬೇಕಾದರೆ ಇನ್ನು ಬಾಯಿಬಿಟ್ಟೇ ಕೇಳಬೇಕು.